ಒಲೆ ಹಚ್ಚದ ಭಾನುವಾರ

ಮಾವನ ಪ್ಯಾಂಟಿನ ಸೊಂಟವನ್ನು ಆ ಬೇಸಿಗೆಯಲ್ಲಿ ಎರಡನೇ ಸಲ ಒಳಕ್ಕೆ ಹಿಡಿದು ಹೊಲಿಯುವಾಗ ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನನ್ನ ಸ್ವಭಾವವೇ ಹಾಗೆ. ಹೆದರಿಕೆಯಾದರೂ ಸಿಟ್ಟು, ದುಃಖವಾದರೂ ಸಿಟ್ಟು. ಸಂತೋಷವಾದಾಗಲೂ ನಾನು ಪಾತ್ರೆ ಕುಕ್ಕುತ್ತೇನೆ ಎಂದು ನನ್ನ ಗಂಡ ದೂರುತ್ತಾನೆ. ಬಟ್ಟೆ ಹೊಲಿಯುವುದು ನನ್ನ ಕಸುಬು. ಮನುಷ್ಯರು ಸುಳ್ಳು ಹೇಳಿದರೂ ಅಳತೆ ಟೇಪು ಹೇಳುವುದಿಲ್ಲ. ಮಾವ ದಿನದಿಂದ ದಿನಕ್ಕೆ ಸೊರಗುತ್ತಿದ್ದರು.

ಊಟದ ಹೊತ್ತಿಗೆ ತಪ್ಪದೆ ಬಂದು ಕೂರುತ್ತಿದ್ದರು. ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, ಎರಡು ತುತ್ತು ಬಾಯಿಗಿಟ್ಟು, "ಸಾಕಮ್ಮ, ಹೊಟ್ಟೆ ತುಂಬ್ತು" ಎಂದು ಎದ್ದುಬಿಡುತ್ತಿದ್ದರು. ಡಾಕ್ಟರು ಇರುವ ಪರೀಕ್ಷೆಗಳನ್ನೆಲ್ಲ ಮಾಡಿಸಿ, ರೋಗವೇನೂ ಇಲ್ಲ, ಚೆನ್ನಾಗಿ ಊಟ ಮಾಡಿಸಿ ಎಂದರು. ಅದನ್ನು ಹೇಳಲು ಡಾಕ್ಟರೇ ಆಗಬೇಕಿತ್ತೆ?

ನಮ್ಮದು ಕಟ್ಟಡದ ಕೊನೆಯ ಮಹಡಿ. ತಾರಸಿ ಕುಡಿದ ಬಿಸಿಲೆಲ್ಲ ನಮ್ಮ ನೆತ್ತಿಯ ಮೇಲೇ ಇಳಿಯುತ್ತದೆ. ಫ್ಯಾನು ಬಿಸಿ ಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವ ಕೆಲಸ ಮಾಡುತ್ತದೆ, ಅಷ್ಟೆ. ಅಂಥ ಮನೆಯಲ್ಲಿ ಮಧ್ಯಾಹ್ನ ಒಲೆ ಹಚ್ಚಿದರೆ ಅಡುಗೆಯ ಜೊತೆ ಅಡುಗೆಯವಳೂ ಬೇಯುತ್ತಾಳೆ. ಆದರೂ ಹಚ್ಚುತ್ತಿದ್ದೆ. ನಾದಿನಿಯ ಅಪ್ಪಣೆಯಾಗಿತ್ತಲ್ಲ!

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ದೊಡ್ಡ ಹಾಸ್ಟೆಲೊಂದರ ಅಡುಗೆಮನೆಯನ್ನು ಆಳುವವಳು. ಆಕೆ ಸೌಟು ಎತ್ತಿದರೆ ಇಡೀ ಹಾಸ್ಟೆಲು ಸಾಲಾಗಿ ನಿಲ್ಲುತ್ತದಂತೆ. ಹಾಗಾಗಿ ನಾವು ಬೆನ್ನ ಹಿಂದೆ ಆಕೆಯನ್ನು 'ದೊಡ್ಡ ಸೌಟು' ಎನ್ನುತ್ತೇವೆ. ಆಕೆ ನನ್ನನ್ನು ಮುಖದ ಮುಂದೆಯೇ 'ಸೊಪ್ಪು' ಎನ್ನುತ್ತಾಳೆ. ಹಾಲು, ಬೆಣ್ಣೆ, ಮೊಟ್ಟೆ, ಮಾಂಸ, ಹೀಗೆ ಪ್ರಾಣಿಗಳಿಂದ ಬರುವ ಯಾವುದನ್ನೂ ನಾನು ತಿನ್ನುವುದಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿ, ಈಗ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಡುತ್ತೇನೆ. ನಾದಿನಿಗೆ ಮಾತ್ರ "ನನ್ನಿಷ್ಟ" ಎಂದು ನಿಜ ಹೇಳಿದ್ದೆ. ಆಕೆಗೆ ಉರಿದದ್ದು ಅದಕ್ಕೇ.

"ಅಪ್ಪನಿಗೆ ಬಿಸಿಬಿಸಿ ಮೂಳೆ ಸಾರು ಅಂದ್ರೆ ಪ್ರಾಣ. ಅಮ್ಮ ಇರೋವರ್ಗೂ ಒಂದಿನ ತಪ್ಪಿಸ್ತಿರಲಿಲ್ಲ. ನಾನೇ ಮಾಡಿ ಕಳಿಸ್ತೀನಿ, ನೀನು ಕುದಿಸಿ ಬಡಿಸಿದ್ರೆ ಸಾಕು. ನೀನು ಬೇಕಾದ್ರೆ ಸೊಪ್ಪು ತಿನ್ಕೊಂಡಿರು, ನಮ್ಮಪ್ಪನ್ನ ಮೇಕೆ ಮಾಡ್ಬೇಡ."

ಕಳಿಸುತ್ತಿದ್ದಳು, ನಾನು ಕುದಿಸುತ್ತಿದ್ದೆ, ಮಾವ ಏಳುತ್ತಿದ್ದರು. ಕೊನೆಗೊಂದು ದಿನ ಫೋನಿನಲ್ಲಿ ತೀರ್ಪು ಬಂತು. "ಈ ಭಾನುವಾರ ಬರ್ತೀನಿ. ಅಪ್ಪ ನನ್ನ ಕಣ್ಮುಂದೆ ಹೊಟ್ಟೆ ತುಂಬ ಉಂಡ್ರೆ ಸರಿ. ಇಲ್ಲಾಂದ್ರೆ ಬಟ್ಟೆಬರೆ ತುಂಬ್ಕೊಂಡು ನಮ್ಮನೆಗೆ ಕರ್ಕೊಂಡು ಹೋಗೋದೇ."

ನನಗೆ ಹೆತ್ತ ಅಪ್ಪನ ಮುಖ ನೆನಪಿಲ್ಲ. ಅಪ್ಪ ಅಂದರೆ ನನಗೆ ಇವರೇ. ಮೆಷಿನ್ ಪಕ್ಕ ಸ್ಟೂಲು ಹಾಕಿಕೊಂಡು ಗುಂಡಿ ಹೊಲಿದು ಕೊಡುವವರು, ನಾನು ಗಿರಾಕಿಗಳ ಮೇಲೆ ರೇಗಿದರೆ ಅವರು ಹೋದ ಮೇಲೆ ಮೆಲ್ಲಗೆ ನಗುವವರು. ಆ ಸ್ಟೂಲು ಖಾಲಿ ಬಿದ್ದಿರುವುದನ್ನು ನೆನೆದು ಅಡುಗೆಮನೆಯಲ್ಲಿ ಎರಡು ಪಾತ್ರೆ ಕುಕ್ಕಿದೆ. ಗಂಡನನ್ನು ಕೇಳಿದರೆ, "ಅಕ್ಕ ಹೇಳೋದೂ ಸರಿ, ನೀನು ಹೇಳೋದೂ ಸರಿ" ಎಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ಮೇಲೂ ಹೋಗುತ್ತಾನೆ, ಕೆಳಗೂ ಬರುತ್ತಾನೆ, ಯಾವ ಮಹಡಿಯಲ್ಲೂ ನಿಲ್ಲುವುದಿಲ್ಲ.

ಗುರುವಾರ ಮಧ್ಯಾಹ್ನ ಒಂದು ಬ್ಲೌಸಿಗೆ ಕೊಕ್ಕೆ ಹಾಕುತ್ತಿದ್ದಾಗ ಬಚ್ಚಲಿನಿಂದ ಕರುಂ ಕರುಂ ಎಂಬ ಸದ್ದು ಕೇಳಿಸಿತು. ಇಲಿ ಸೋಪು ತಿನ್ನುತ್ತಿದೆ ಎಂದುಕೊಂಡು ಪೊರಕೆ ಹಿಡಿದು ಬಾಗಿಲು ತಳ್ಳಿದೆ. ಇಲಿಯಲ್ಲ, ಮಾವ! ತುಂಬಿದ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಕೆಟ್ಟಿನ ನೀರಿನಲ್ಲಿ ಟೊಮೆಟೊ, ಸೌತೆಕಾಯಿ ತೇಲುತ್ತಿವೆ. ಎಡ ಅಂಗೈಯಲ್ಲಿ ಚಿಟಿಕೆ ಉಪ್ಪು, ಬಲಗೈಯಲ್ಲಿ ಅರ್ಧ ಸೌತೆಕಾಯಿ.

"ಮಾವ! ಸಾರು ಬೇಡ, ಇದು ಬೇಕು ಅನ್ನೋಕೆ ಬಾಯಿಲ್ವಾ ನಿಮಗೆ?"

"ಬಾಯಿದೆ ಮಗಳೇ. ಸದ್ಯಕ್ಕೆ ಅದರಲ್ಲಿ ಸೌತೆಕಾಯಿ ಇದೆ."

ನಗು ಬಂತು, ತಡೆದುಕೊಂಡೆ. ಪೊರಕೆ ಮೂಲೆಗಿಟ್ಟು ಹೊಸ್ತಿಲ ಮೇಲೆ ಕೂತೆ. ಬಾಯಿ ಖಾಲಿಯಾದ ಮೇಲೆ ಮಾವ ಬಾಯಿ ಬಿಟ್ಟರು.

ಅವರು ದುಡಿದದ್ದು ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ. ಕರಗಿದ ಗಾಜನ್ನು ಕೊಳವೆಯ ತುದಿಗೆ ತೆಗೆದು ಊದುವ ಕೆಲಸ. ಆಮೇಲೆ ಅಲ್ಲೇ ಮೇಸ್ತ್ರಿಯಾದರು. "ಕುಲುಮೆ ಮುಂದೆ ನಿಂತೋನಿಗೆ ಬಿಸಿ ಊಟ ಸೇರುತ್ತಾ, ನೀನೇ ಹೇಳು. ಬೇಸಿಗೆ ಬಂತು ಅಂದ್ರೆ ನಮ್ಮ ಬುತ್ತಿಯೆಲ್ಲಾ ನೀರಿನ ತೊಟ್ಟೀಲಿ ತೇಲ್ತಿತ್ತು. ಸೌತೆಕಾಯಿ, ಟೊಮೆಟೊ, ಈರುಳ್ಳಿ, ಹಿಂದಿನ ದಿನದ ಬ್ರೆಡ್ಡು. ಊಟಕ್ಕೆ ಮುಂಚೆ ಮೇಸ್ತ್ರಿ ಎಲ್ಲರ ಅಂಗೈಗೂ ಉಪ್ಪು ಹಾಕ್ಕೊಂಡು ಬರ್ಬೇಕು. ಬೆವರಲ್ಲಿ ಹೋಗಿದ್ದು ವಾಪಸ್ ಬರ್ಬೇಕಲ್ಲ. ಮೇಸ್ತ್ರಿ ಉಪ್ಪು ಹಾಕದೆ ಯಾರೂ ತುತ್ತು ಎತ್ತಂಗಿಲ್ಲ."

"ಮತ್ತೆ ಆ ಮೂಳೆ ಸಾರು?"

"ನಿನ್ನತ್ತೆ ಮಾಡ್ತಿದ್ಳು. ಗಂಡ ದಣಿದು ಬರ್ತಾನೆ, ಬಿಸಿಬಿಸಿ ಬಡಿಸ್ಬೇಕು ಅಂತ ಅವಳಿಗೆ ಆಸೆ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ, ಕುಡ್ದೆ. ಈಗ ಮಗಳು ಅವಳಮ್ಮನ್ನ ನೆನೆಸ್ಕೊಂಡು ಮಾಡಿ ಕಳಿಸ್ತಾಳೆ. ಹೇಗೆ ಹೇಳ್ಲಿ? ಅವಳಿಗೆ ನೋವಾಗುತ್ತೆ."

ಬೆಂಕಿಯ ಜೊತೆ ಬಾಳಿದ ಮನುಷ್ಯ ಮಗಳ ಸೌಟಿಗೆ ಹೆದರಿ ಬಚ್ಚಲಿನಲ್ಲಿ ಊಟ ಮಾಡುತ್ತಿದ್ದಾರೆ! ಚೆನ್ನಾಗಿ ಬೈದೆ. ಬೈದು ಮುಗಿಯುವಷ್ಟರಲ್ಲಿ ಭಾನುವಾರದ ಊಟ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಆ ದಿನ ಒಲೆ ಹಚ್ಚುವುದಿಲ್ಲ ಎಂದು ಶಪಥ ಮಾಡಿದೆ.

"ಆದ್ರೆ ನಿಮ್ಮ ಮಗಳಿಗೆ ಹೇಳೋದು ನೀವೇ. ನಾನು ತುಟಿ ಬಿಚ್ಚಲ್ಲ" ಎಂದೆ. ಮಾವ ಬಕೆಟ್ಟಿಗೆ ಕೈ ಹಾಕಿ ಇನ್ನೊಂದು ಟೊಮೆಟೊ ತೆಗೆದುಕೊಂಡರು.

ಶನಿವಾರ ಸಂಜೆ ತಂಪಾದ ಮೇಲೆ ನೆನೆಸಿದ ಕಾಬೂಲಿ ಕಡಲೆಯನ್ನು ಕುಕ್ಕರಿನಲ್ಲಿ ಬೇಯಿಸಿ ಫ್ರಿಜ್ಜಿಗೆ ಸೇರಿಸಿದೆ. ಕಳಿತ ಬಾಳೆಹಣ್ಣುಗಳನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಐಸಿನ ಖಾನೆಗೆ ಹಾಕಿದೆ. ಭಾನುವಾರ ಬೆಳಿಗ್ಗೆ ಹಣ್ಣಾದ ಟೊಮೆಟೊ, ಸಿಪ್ಪೆ ಹೆರೆದ ಸೌತೆಕಾಯಿ, ಒಂದೆಸಳು ಬೆಳ್ಳುಳ್ಳಿ, ನೀರಲ್ಲಿ ನೆನೆಸಿ ಹಿಂಡಿದ ಒಣ ಬ್ರೆಡ್ಡು, ನಿಂಬೆರಸ, ಎಣ್ಣೆ, ಉಪ್ಪು, ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ತಣ್ಣಗಾಗಲು ಇಟ್ಟೆ. ಕಡಲೆಗೆ ಈರುಳ್ಳಿ, ಪುದೀನ, ನಿಂಬೆರಸ ಬೆರೆಸಿದೆ. ಅಂಗಡಿಯಿಂದ ಹುರಿದದ್ದನ್ನೇ ತಂದ ಶೇಂಗಾಬೀಜಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚೂರು ಬೆಲ್ಲ ಸೇರಿಸಿ ರುಬ್ಬಿ ಗೊಜ್ಜಿನ ಹದಕ್ಕೆ ತಂದೆ. ಅಕ್ಕಿ ಶಾವಿಗೆಯ ಮೇಲೆ ಕರೆಂಟ್ ಕೆಟಲಿನ ಬಿಸಿನೀರು ಸುರಿದು, ಮೆತ್ತಗಾದ ಮೇಲೆ ತಣ್ಣೀರಲ್ಲಿ ತೊಳೆದೆ. ಕೆಟಲು ಒಲೆಯ ಲೆಕ್ಕಕ್ಕೆ ಬರುವುದಿಲ್ಲ. ಶಪಥ ನನ್ನದು, ನಿಯಮವೂ ನನ್ನದೇ.

ಮಧ್ಯಾಹ್ನ ನಾದಿನಿ ಬಂದಳು. ಒಂದು ಕೈಯಲ್ಲಿ ಸಾರಿನ ಕ್ಯಾರಿಯರ್, ಹೆಗಲಿಗೆ ದೊಡ್ಡ ಖಾಲಿ ಚೀಲ. ಆ ಚೀಲ ಮಾವನ ಬಟ್ಟೆಬರೆಗೆಂದೇ ತಂದದ್ದು. ಹಿಂದೆಯೇ ಆಕೆಯ ಗಂಡ, ನಮ್ಮ ಮೀಸೆ ಭಾವ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಬಹಳ ದಿನವಾಗಿತ್ತು. ದೀಪದ ಬುಡದಲ್ಲೇ ಕತ್ತಲು ಎಂದರೆ ಇದೇ. ಬೆವರಿಗೆ ಭಾವನ ಮೀಸೆ ಎರಡೂ ಕಡೆ ಜೋತುಬಿದ್ದಿತ್ತು.

ನಾದಿನಿ ಸೀದಾ ಅಡುಗೆಮನೆಗೆ ನುಗ್ಗಿ ಒಲೆಯ ಮೇಲೆ ಕೈಯಿಟ್ಟು ನೋಡಿದಳು. "ತಣ್ಣಗಿದೆಯಲ್ಲೇ! ಊಟದ ಹೊತ್ತಾಯ್ತು, ಇನ್ನೂ ಒಲೇನೇ ಹಚ್ಚಿಲ್ಲ?"

"ಊಟ ಆಗಿದೆ ಅಕ್ಕ. ಕೈ ತೊಳ್ಕೊಂಡು ಬನ್ನಿ."

ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿದ್ದೆ. ಮೇಜಿನ ಮೇಲೆ ತಣ್ಣನೆಯ ಲೋಟಗಳು ಬೆವರುತ್ತಿದ್ದವು. ಲೋಟದೊಳಗಿನ ಕೆಂಪನ್ನು ನಾದಿನಿ ಬಗ್ಗಿ ನೋಡಿದಳು. "ಇದೇನು, ಸಾರೋ ಶರಬತ್ತೋ?" ಅಷ್ಟರಲ್ಲಿ ಭಾವ ಗಟಗಟ ಕುಡಿದು ಮೀಸೆ ಒರೆಸಿಕೊಂಡು, "ಏನಾದ್ರೂ ಆಗ್ಲಿ, ಇನ್ನೊಂದು ಲೋಟ ಕೊಡಮ್ಮ" ಎಂದರು. ನಾದಿನಿ ಅವರನ್ನು ನೋಡಿದ ನೋಟಕ್ಕೆ ಹಾಸ್ಟೆಲಾದರೆ ಬಿಕೋ ಎನ್ನುತ್ತಿತ್ತು. ಭಾವ ಲೋಟ ಚಾಚಿಯೇ ಇದ್ದರು.

ಆಮೇಲೆ ಆಕೆ ನನ್ನ ಒಲೆಯನ್ನು ತಾನೇ ಹಚ್ಚಿ, ಸಾರು ಕುದಿಸಿ ತಂದು, ಹಬೆಯಾಡುವ ಬಟ್ಟಲನ್ನು ಮಾವನ ಮುಂದಿಟ್ಟಳು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತಾರೆ. ಅಮ್ಮನ ಕೈರುಚಿ ಅಪ್ಪಾ ಇದು. ಕುಡಿ."

ಗಂಡ ಮೇಲೂ ಕೆಳಗೂ ನೋಡಿದ. ನಾನು ಮಾತು ಕೊಟ್ಟಂತೆ ತುಟಿ ಕಚ್ಚಿ ಕೂತೆ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಮಾವ ಬಟ್ಟಲು ನೋಡಿದರು, ಮಗಳನ್ನು ನೋಡಿದರು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದೇಬಿಟ್ಟರು. ಮುಗಿಯಿತು, ಎಂದಿನಂತೆ ಎದ್ದುಹೋದರು, ಇನ್ನು ಚೀಲ ತುಂಬುವುದೊಂದೇ ಬಾಕಿ ಎಂದುಕೊಂಡೆ. ಕಣ್ಣು ಮಂಜಾಯಿತು.

ಮಾವ ಹೋದದ್ದು ಅಡುಗೆಮನೆಗೆ. ವಾಪಸ್ ಬರುವಾಗ ಕೈಯಲ್ಲಿ ಉಪ್ಪಿನ ಡಬ್ಬಿಯಿತ್ತು.

"ಎಲ್ಲರೂ ಕೈ ಚಾಚಿ!"

ಆ ದನಿಯನ್ನು ನಾನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕುಲುಮೆಯ ಮೊರೆತದ ಮೇಲೆ ಕೇಳಿಸಬೇಕಾದ ದನಿ ಅದು. ಭಾವನ ಕೈ ತಾನಾಗಿ ಮುಂದೆ ಬಂತು, ಆಮೇಲೆ ಗಂಡನದು, ನನ್ನದು. ಒಬ್ಬೊಬ್ಬರ ಅಂಗೈಗೂ ಚಿಟಿಕೆ ಉಪ್ಪು ಹಾಕುತ್ತಾ ಮಾವ ಮೇಜು ಸುತ್ತಿ ಬಂದು ಮಗಳ ಮುಂದೆ ನಿಂತರು.

"ಏನಪ್ಪಾ ಇದು?"

"ಬೇಸಿಗೇಲಿ ಕುಲುಮೆಯವರು ಉಣ್ಣೋದೇ ಹೀಗೆ. ತಣ್ಣಗೆ. ನಿಮ್ಮಮ್ಮನ ಸಾರು ನಾನು ಕುಡೀತಿದ್ದಿದ್ದು ಅವಳ ಮುಖ ನೋಡಿ ಕಣಮ್ಮಾ. ಈಗ ಅವಳಿಲ್ಲ. ಇನ್ನು ಯಾರ ಮುಖ ನೋಡಿ ಕುಡೀಲಿ?"

"ನನ್ನ ಮುಖ ಇರಲಿಲ್ವಾ ಅಪ್ಪಾ?"

"ನಿನ್ನ ಮುಖ ನೋಡೇ ಇಷ್ಟು ದಿನ ಹಸ್ಕೊಂಡಿದ್ದು."

ನಾದಿನಿಯ ಕಣ್ಣಿಂದ ನೀರು ಬಳಬಳ ಇಳಿಯಿತು. ಆಕೆ ಅಳುವುದನ್ನು ನಾನು ನೋಡಿದ್ದು ಅತ್ತೆ ತೀರಿಹೋದ ದಿನ ಮಾತ್ರ. ನನಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಮ್ಮನ ಕೈರುಚಿಯನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಳು, ಪಾಪ. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮೆಲ್ಲಗೆ ಅಂಗೈ ಚಾಚಿದಳು. ಮಾವ ಉಪ್ಪು ಹಾಕಿದರು.

ಆಮೇಲೆ ಉಂಡರು ನೋಡಿ! ಕೆಂಪು ಸಾರನ್ನು ಲೋಟ ಎತ್ತಿ ಕುಡಿದರು. ಕಡಲೆ ಹಾಕಿಸಿಕೊಂಡರು, ಮತ್ತೆ ಹಾಕಿಸಿಕೊಂಡರು. ಶಾವಿಗೆಗೆ ಶೇಂಗಾ ಗೊಜ್ಜು ಕಲಸಿಕೊಂಡು ಬೆರಳು ನೆಕ್ಕಿದರು. ನಾನು ಬಡಿಸುತ್ತಲೇ ಇದ್ದೆ. ಎದೆ ಹಿಗ್ಗಿ ಹೀರೇಕಾಯಿಯಾಗಿತ್ತು. ಯುದ್ಧ ಗೆದ್ದವರಿಗೂ ಅಷ್ಟು ಸಂತೋಷ ಆಗಿರಲಾರದು.

ನಾದಿನಿ ಬಹಳ ಹೊತ್ತು ಗೊಜ್ಜನ್ನು ನಾಲಿಗೆಯ ಮೇಲೆ ಆಡಿಸಿದಳು. "ಬೆಳ್ಳುಳ್ಳಿ ಹಸೀದಾ, ಹುರಿದಿದ್ದಾ?" ಎಂದಳು. ಅಡುಗೆ ಬಲ್ಲವಳು ಇನ್ನೊಬ್ಬ ಅಡುಗೆ ಬಲ್ಲವಳನ್ನು ಕೇಳುವ ರೀತಿಯಲ್ಲಿ ಆಕೆ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಹಸೀದೇ ಅಕ್ಕ. ಒಲೆ ಹಚ್ಚಲ್ಲ ಅಂತ ಶಪಥ ಮಾಡಿದ್ದೆ. ನೀವು ಬಂದು ಹಚ್ಚಿದ್ರಿ."

ಭಾವನಿಗೆ ನಗು ಬಂದು ಶಾವಿಗೆ ಗಂಟಲಿಗೆ ಸಿಕ್ಕಿಕೊಂಡಿತು. ಕೊನೆಯಲ್ಲಿ ಗಟ್ಟಿಯಾದ ಬಾಳೆಹಣ್ಣನ್ನು ಮಿಕ್ಸಿಗೆ ಹಾಕಿ ತಿರುವಿ ಬಟ್ಟಲಿಗೆ ತುಂಬಿಕೊಟ್ಟೆ. ಹಾಲಿಲ್ಲದ ಐಸ್‌ಕ್ರೀಮು ಉಂಟೇ ಎಂದು ವಾದ ಮಾಡುತ್ತಲೇ ಭಾವ ಗಂಡನ ಬಟ್ಟಲನ್ನೂ ಖಾಲಿ ಮಾಡಿದರು.

ಸಂಜೆ ಹೊರಟಾಗ ನಾದಿನಿಯ ಚೀಲ ತುಂಬಿತ್ತು. ಮಾವನ ಬಟ್ಟೆಯಲ್ಲ, ನಮ್ಮ ಫ್ರಿಜ್ಜಿನ ಸೌತೆಕಾಯಿ, ಪುದೀನ, ನಿಂಬೆಹಣ್ಣು. "ಈ ಸೆಕೆಗೆ ಹಾಸ್ಟೆಲಲ್ಲೂ ಯಾರೂ ಸರಿಯಾಗಿ ಉಣ್ತಿಲ್ಲ. ಮಾಡಿ ನೋಡ್ತೀನಿ. ನಿನ್ನ ಅಡುಗೆ ಚೆನ್ನಾಗಿತ್ತು ಅಂತ ಏನಲ್ಲ" ಎಂದಳು.

"ಖಂಡಿತ ಅಲ್ಲ ಅಕ್ಕ."

ಮೆಟ್ಟಿಲ ತಿರುವಿನಲ್ಲಿ ನಿಂತು ಮತ್ತೆ ಮೇಲೆ ನೋಡಿದಳು. "ಬ್ರೆಡ್ಡು ಎಷ್ಟು ಹೊತ್ತು ನೆನೆಸ್ಬೇಕು, ಸೊಪ್ಪು?"

ಆ ಬೇಸಿಗೆ ಮುಗಿಯುವ ಹೊತ್ತಿಗೆ ಮಾವ ಒಂದು ಬೆಳಿಗ್ಗೆ ಪ್ಯಾಂಟನ್ನು ತಂದು ನನ್ನ ಮೆಷಿನ್ ಮೇಲೆ ಹಾಕಿದರು. "ಉಸಿರು ಕಟ್ಟುತ್ತೆ ಮಗಳೇ, ಸ್ವಲ್ಪ ಬಿಡು." ಹಾಕಿದ ಹೊಲಿಗೆ ಬಿಚ್ಚುವುದೆಂದರೆ ನನಗೆ ಆಗುವುದಿಲ್ಲ. ಗಿರಾಕಿ ಬಿಚ್ಚು ಎಂದರೆ ಕಟ್ಟಡವೆಲ್ಲ ಕೇಳುವಂತೆ ಗೊಣಗುತ್ತೇನೆ. ಅವತ್ತು ಗೊಣಗದೆ ಎರಡೂ ಸಾಲು ಬಿಚ್ಚಿದೆ. ಮಾವ ಪಕ್ಕದ ಸ್ಟೂಲಿನಲ್ಲಿ ಕೂತು ಕರುಂ ಕರುಂ ಎಂದು ಸೌತೆಕಾಯಿ ಕಡಿಯುತ್ತಿದ್ದರು.