ಮರುಭೂಮಿ ಗುಲಾಬಿಯ ಉದ್ಘಾಟನೆಗಳು

ತಿ. ನರಸೀಪುರ ಎರಡು ಹೊಳೆ ಕೂಡುವ ಊರು. ಗದ್ದೆ ದಾಟಿದರೆ ಕಾಲುವೆ, ಕಾಲುವೆ ದಾಟಿದರೆ ಮತ್ತೆ ಗದ್ದೆ. ಇಂಥ ಊರಿನಲ್ಲಿ, ನನಗೆ ನೀರು ಬೇಡ ಅನ್ನುವ ಗಿಡವೊಂದನ್ನು ಸಾಕಿ ಬದುಕಿಸಿಕೊಳ್ಳುವುದು ಇದೆಯಲ್ಲ, ಆ ಪಾಡು ಶತ್ರುವಿಗೂ ಬೇಡ. ಚಂಪಕಮ್ಮ ಎಂಟು ವರ್ಷ ಪಟ್ಟಳು.

ಗಿಡ ತಂದುಕೊಟ್ಟವನು ಅವಳ ತಮ್ಮ ಸಮೀರ. ಕಛ್ ಕಡೆ ಉಪ್ಪಿನ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ರಜಕ್ಕೆ ಬಂದಾಗ ಚಪ್ಪಲಿ ಡಬ್ಬಿಯೊಳಗೆ ಅದನ್ನು ಮಲಗಿಸಿಕೊಂಡು ಬಂದ. ನೋಡಿದರೆ ಈರುಳ್ಳಿಗೆ ಕಡ್ಡಿ ಚುಚ್ಚಿದ ಹಾಗಿತ್ತು. "ಅಕ್ಕಾ, ಇದಕ್ಕೆ ಮರುಭೂಮಿ ಗುಲಾಬಿ ಅಂತಾರೆ. ಬಿಸಿಲು ಎಷ್ಟು ಬೇಕಾದ್ರೂ ಕೊಡು. ನೀರು ಮಾತ್ರ ಕೈ ಬಿಗಿ ಹಿಡಿದು ಕೊಡು. ಮುದ್ದು ಮಾಡಿದ್ರೆ ಸತ್ತುಹೋಗತ್ತೆ," ಅಂದ.

ಚಂಪಕಮ್ಮ ಹೊಳೆ ಮರಳು ಜರಡಿ ಹಿಡಿದಳು. ಇಟ್ಟಿಗೆ ಕುಟ್ಟಿ ಚೂರು ಮಾಡಿದಳು. ಅದಕ್ಕೆ ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ, ತಳಕ್ಕೆ ತೂತಿದ್ದ ಮಣ್ಣಿನ ಕುಂಡದಲ್ಲಿ ಗಿಡ ಕೂರಿಸಿದಳು. ಮಣ್ಣಿನೊಳಗೆ ಬೆರಳು ಇಳಿಸಿ, ಒಳಗೂ ಒಣಗಿದೆ ಅಂತ ಖಾತ್ರಿಯಾದ ಮೇಲಷ್ಟೇ ನೀರು. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಗಿಡ ಬೋಳಾಯಿತು. ಆದರೂ ತಮ್ಮನ ಮಾತು ನೆನೆದು ಕೈ ಕಟ್ಟಿಕೊಂಡು ಕೂತಳು.

ಅವಳು ಕೂರಬಹುದು, ಪಕ್ಕದ ಮನೆಯ ಪುಟ್ಟಬಸಮ್ಮ ಕೂರಬೇಕಲ್ಲ! ಕಾಂಪೌಂಡ್ ಮೇಲಿಂದ ಕತ್ತು ಉದ್ದ ಮಾಡಿ, "ಅಯ್ಯೋ, ಒಂದ್ ಚೊಂಬು ನೀರ್ ಉಯ್ದ್ರೆ ನಿಮ್ ಗಂಟೇನ್ ಓಯ್ತದೆ ಮೇಷ್ಟ್ರಮ್ಮ? ಪಾಪದ್ದು, ಎಂಗ್ ಒಣಗ್ ನಿಂತದೆ ನೋಡಿ!" ಅನ್ನುವಳು. ಚಂಪಕಮ್ಮ ಮನೆಯಲ್ಲಿ ಇಲ್ಲದ ದಿನ ತಾನೇ ಬಂದು ಬಿಂದಿಗೆಗಟ್ಟಲೆ ಸುರಿದು, ಪುಣ್ಯ ಕಟ್ಟಿಕೊಂಡು ಹೋಗುವಳು. ಕೊನೆಗೆ ಚಂಪಕಮ್ಮ ಕುಂಡವನ್ನು ತಾರಸಿಗೆ ಸಾಗಿಸಿ, ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಗಾರದ ಬೀರುವಿಗೂ ಅವಳು ಅಷ್ಟು ಕಾವಲು ಹಾಕಿರಲಿಲ್ಲ. ಬೀರುವಿನಲ್ಲಿ ಬಂಗಾರ ಇತ್ತೇ ಅನ್ನುವುದು ಬೇರೆ ಮಾತು.

ಬೇಸಿಗೆ ಬಂತು. ಗಿಡ ಕೊಂಬೆ ಕೊಂಬೆಗೂ ಹೂ ಬಿಟ್ಟಿತು. ಬುಡದ ಗಡ್ಡೆ ವರ್ಷ ವರ್ಷಕ್ಕೆ ಊದುತ್ತ, ಊಟ ಮುಗಿಸಿ ಕೂತ ಅಡಿಗೆಭಟ್ಟರ ಹೊಟ್ಟೆಯಂತಾಯಿತು. ಅದರ ಮೇಲೆ ಆ ಕೆಂಪು ಹೂಗಳು! ಅವಳು ಬೆಳಗಿನ ಕಾಫಿ ಲೋಟ ಹಿಡಿದು ಮೇಲೆ ಹತ್ತಿ ಅದರೆದುರು ಕೂರುವಳು. ಮನೆಯಲ್ಲಿ ಯಾರೂ ಏನೂ ಕೇಳದ ಹೊತ್ತು ಅದೊಂದೇ. ಅಷ್ಟು ಸಾಕಾಗಿತ್ತು ಅವಳಿಗೆ.

ಇನ್ನು ಅವಳ ಯಜಮಾನರು, ಅನಂತಪದ್ಮನಾಭ. ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಆಯುಷ್ಯವೆಲ್ಲ ಮಕ್ಕಳಿಗೆ ಮರುಭೂಮಿ ಪಾಠ ಮಾಡಿದ್ದರೂ ತಮ್ಮ ತಾರಸಿಯ ಮರುಭೂಮಿಯನ್ನು ಹತ್ತಿ ನೋಡಿದವರಲ್ಲ. ನಿವೃತ್ತಿಯಾದ ಮೇಲೆ ಅವರಿಗೆ ಹಿಡಿದದ್ದು ವೇದಿಕೆಯ ಹುಚ್ಚು. ಯಾವ ಸಮಾರಂಭವೇ ಇರಲಿ, ಮೇಲೊಂದು ಕುರ್ಚಿ ಸಿಗಬೇಕು. ಆದರೆ ನಿವೃತ್ತ ಮೇಷ್ಟ್ರಿಗೆ ಯಾರು ಸ್ವಾಮಿ ಕುರ್ಚಿ ಕೊಡುತ್ತಾರೆ? ಎರಡನೇ ಸಾಲಿನಲ್ಲಿ ಕೂತು ಕತ್ತು ನೋಯಿಸಿಕೊಂಡು ಬರುತ್ತಿದ್ದರು.

ಅವರ ಅದೃಷ್ಟ ಖುಲಾಯಿಸಿದ್ದು ಸೋಮನಾಥಪುರದಲ್ಲಿ. ಹೊಲಿಗೆ ತರಬೇತಿ ಕೇಂದ್ರವೊಂದರ ಆರಂಭ. ಗಾಳಿಗೆ ದೀಪ ಹತ್ತಲೊಲ್ಲದು. ಕಡ್ಡಿಪೆಟ್ಟಿಗೆ ಖಾಲಿಯಾಯಿತೇ ಹೊರತು ಬತ್ತಿ ಹತ್ತಲಿಲ್ಲ. ಅಪಶಕುನ ಅಂತ ಗುಸುಗುಸು ಎದ್ದಿತು. ಆಗ ಮೇಷ್ಟ್ರು ಎದ್ದು ನಿಂತು, "ಇದು ಪರಿಸರದ ಯುಗ. ದೀಪ ಯಾಕೆ? ಗಿಡಕ್ಕೆ ನೀರೆರೆದು ಉದ್ಘಾಟಿಸಿ!" ಅಂದರು. ಚಪ್ಪಾಳೆ ಬಿತ್ತು. ಹಿತ್ತಿಲಿನಿಂದ ಒಂದು ದಾಸವಾಳ ಕಿತ್ತು ತಂದು, ನೀರೆರೆದು, ಕಾರ್ಯಕ್ರಮ ಮುಗಿದ ಮೇಲೆ ಮೇಕೆಗೆ ಹಾಕಿದರು. ಆ ದಿನ ಮೇಷ್ಟ್ರಿಗೆ ಮೇಲೆ ಕುರ್ಚಿ ಸಿಕ್ಕಿತು.

ಮುಂದಿನ ಸಮಾರಂಭಕ್ಕೆ, ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಬೀಗದ ಕೈ ಎತ್ತಿಕೊಂಡು ಅವರು ತಾರಸಿ ಹತ್ತಿದರು. ಹೆಂಡತಿ ಏನಾಗುತ್ತಿದೆ ಅಂತ ನೋಡುವಷ್ಟರಲ್ಲಿ ಕುಂಡ ಆಟೋದೊಳಗಿತ್ತು. ಅವತ್ತು ಮೈಕಿನ ಮುಂದೆ ಮೇಷ್ಟ್ರ ಮಾತು ಕೇಳಬೇಕಿತ್ತು ನೀವು: "ದಿನಾ ನೀರು ಕುಡಿಯೋ ಗಿಡಕ್ಕೆ ನೀರೆರೆದರೆ ಏನು ಬಂತು ಮಹನೀಯರೇ? ಇದು ಮರುಭೂಮಿಯ ಗಿಡ! ಜನ್ಮಜನ್ಮಾಂತರದಿಂದ ಬಾಯಾರಿದೆ! ಇದಕ್ಕೆ ಎರೆಯುವ ಒಂದೊಂದು ಹನಿಗೂ ನೂರು ಪಟ್ಟು ಫಲ!"

ಇಷ್ಟು ಹೇಳಿದ ಮೇಲೆ ಯಾರು ಬಿಡುತ್ತಾರೆ? ಅಧ್ಯಕ್ಷರು ಎರೆದರು, ಕಾರ್ಯದರ್ಶಿ ಎರೆದರು, ಶಾಮಿಯಾನದವನೂ ಬಂದು ಎರೆದು ಫೋಟೋ ತೆಗೆಸಿಕೊಂಡ. ಅಲ್ಲಿಂದ ಶುರುವಾಯಿತು ನೋಡಿ ಗಿಡದ ತಿರುಗಾಟ. ರಕ್ತದಾನ ಶಿಬಿರ, ಸೊಸೈಟಿಯ ಹೊಸ ಕಟ್ಟಡ, ನೋಟ್‌ಬುಕ್ ವಿತರಣೆ, ದಂತ ತಪಾಸಣೆ. ಎಲ್ಲಾ ಕಡೆ ಆಹ್ವಾನ ಪತ್ರಿಕೆಯಲ್ಲಿ ಮೇಷ್ಟ್ರ ಹೆಸರು, ಮೇಷ್ಟ್ರ ಪಕ್ಕದಲ್ಲಿ ಗಿಡ. ನಿಜ ಹೇಳಬೇಕೆಂದರೆ ಗಿಡದ ಪಕ್ಕದಲ್ಲಿ ಮೇಷ್ಟ್ರು.

ಕಳಲೆಯ ಸಮಾರಂಭ ಮುಗಿಸಿ ಬಂದ ದಿನ ಚಂಪಕಮ್ಮ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದು ಮಗ್ಗುಲು ಕೊಳೆತ ಬಾಳೆಹಣ್ಣಿನ ಹಾಗೆ ಒಳಕ್ಕೆ ಹೋಯಿತು. ಗಿಡ ಕಿತ್ತು, ಮಣ್ಣು ಕೊಡವಿ, ಚಾಕುವಿನಿಂದ ಮೆತ್ತಗಾದದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕೆತ್ತಿದಳು. ಗಾಯಕ್ಕೆ ಅರಿಶಿನ ಮೆತ್ತಿ, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿದಳು. ಅಡಿಗೆಮನೆ ಕಿಟಕಿಗೆ ತೂಗುಬಿದ್ದಿದ್ದ ಅದನ್ನು ನೋಡಿ ಮೇಷ್ಟ್ರು, "ಇದೇನೇ, ಗೊಜ್ಜಿಗಾ?" ಅಂದರು.

ಚಂಪಕಮ್ಮ ಅತ್ತೇಬಿಟ್ಟಳು. "ರೀ, ನಾನು ಈ ಮನೇಲಿ ಏನಾದ್ರೂ ಬೇಕು ಅಂತ ಕೇಳಿದ್ದೀನಾ? ಇದೊಂದು ಉಳಿಸಿಕೊಡಿ. ಇನ್ನೊಂದು ಸಲ ಬುಡ ನೆಂದ್ರೆ ಇದು ಹೋಯ್ತು ಅಂತಲೇ."

ಮೇಷ್ಟ್ರು ಕೆಟ್ಟವರಲ್ಲ. ಗಿಡ ಚೇತರಿಸಿಕೊಂಡು ಮತ್ತೆ ಕುಂಡ ಸೇರಿದ ಮೇಲೆ, ಸಮಾರಂಭಕ್ಕೆ ಹೋಗುವಾಗ ದೇವರಮನೆಯ ಉದ್ಧರಣೆಯನ್ನು ಜೇಬಿಗೆ ಹಾಕಿಕೊಂಡು ಹೋದರು. ಆಚಮನದ ಆ ಪುಟ್ಟ ಚಮಚದಲ್ಲಿ ತಲೆಗೊಂದು ಚಮಚ ನೀರು ಅಂದರೆ ಗಿಡಕ್ಕೇನೂ ಆಗದು ಅನ್ನುವುದು ಅವರ ಲೆಕ್ಕಾಚಾರ. ಆದರೆ ಮುಖ್ಯ ಅತಿಥಿಯಾಗಿ ಬಂದಿದ್ದ ಮಾಜಿ ಶಾಸಕರು ಉದ್ಧರಣೆ ಕೈಗೆ ಬಂದದ್ದೇ ಕೆಂಡವಾದರು. "ಏನ್ ಮೇಷ್ಟ್ರೇ, ನನ್ನ ಉದ್ಘಾಟನೆಗೆ ಕರೆಸಿದ್ದೀರೋ, ತಿಥಿಗೆ ಕರೆಸಿದ್ದೀರೋ?" ಅಂತ ಮೈಕ್ ಆನ್ ಇದ್ದಾಗಲೇ ಕೇಳಿಬಿಟ್ಟರು. ಸಭೆಗೆ ಸಭೆಯೇ ಗೊಳ್ಳೆಂದಿತು. ಆಮೇಲೆ ಒಂದಷ್ಟು ತಿಂಗಳು ಮೇಷ್ಟ್ರನ್ನು ಯಾರೂ ಕರೆಯಲಿಲ್ಲ. ಗಿಡ ಮೈದುಂಬಿಕೊಂಡಿತು. ಮೇಷ್ಟ್ರು ಸೊರಗಿದರು.

ಹೀಗಿರುವಾಗ ೨೦೦೩ರ ಮಾರ್ಚ್‌ನಲ್ಲಿ ನಂಜನಗೂಡಿನಿಂದ ಗುರುಪ್ರಸಾದ್ ಬಂದ. ಟಿಂಬರ್ ಡಿಪೋ ಇಟ್ಟುಕೊಂಡು ಮರ ಮಾರುತ್ತಿದ್ದವನು, ಬಿಡುವಿನಲ್ಲಿ ಪರಿಸರ ಉಳಿಸುತ್ತಿದ್ದ. ಅವನದೊಂದು ಜಲಜಾಗೃತಿ ವೇದಿಕೆ. ಆ ವರ್ಷ ಮಳೆ ಕೈಕೊಟ್ಟು ಕಾಲುವೆಗೂ ಸರಿಯಾಗಿ ನೀರು ಬಿಟ್ಟಿರಲಿಲ್ಲವಾದ್ದರಿಂದ, ವಿಶ್ವ ಜಲದಿನಕ್ಕೆ 'ನೀರು ಉಳಿಸಿ' ಅನ್ನುವ ಭಾರಿ ಸಮಾವೇಶ.

"ಮೇಷ್ಟ್ರೇ, ಅವತ್ತು ನಿಮಗೆ 'ಪರಿಸರ ಭಗೀರಥ' ಅಂತ ಬಿರುದು ಕೊಡ್ತಿದ್ದೀವಿ. ಶಾಲು, ಹಾರ, ಪೇಟ ಎಲ್ಲಾ ಇದೆ. ಗಿಡ ಮಾತ್ರ ತರಲೇಬೇಕು. ವೇದಿಕೆ ಮೇಲಿರೋ ಎಲ್ಲಾ ಗಣ್ಯರೂ ತಲೆಗೊಂದು ಬಿಂದಿಗೆ ನೀರೆರೀತಾರೆ. ಈ ಸಲ ಚಮಚ ಗಿಮಚ ಬೇಡಿ, ದಮ್ಮಯ್ಯ," ಅಂದ ಗುರುಪ್ರಸಾದ್.

ನೀರು ಉಳಿಸಿ ಅನ್ನಲು ಬಿಂದಿಗೆಗಟ್ಟಲೆ ನೀರು ಯಾಕಪ್ಪಾ ಅಂತ ಆ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಚಂಪಕಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಅವನು ಹೋದ ಮೇಲೆ ಗಂಡನ ಮುಖ ನೋಡಿದಳು. ಪೇಟ ಆಗಲೇ ತಲೆಯ ಮೇಲೆ ಕೂತ ಹಾಗಿತ್ತು.

"ಬೇಡ ಕಣ್ರೀ," ಅಂದಳು.

"ಇದೊಂದೇ ಸಲ ಕಣೇ ಚಂಪಕಾ. ಬಿರುದು ಕಣೇ. ಜೀವಮಾನದಲ್ಲಿ ಒಂದು ಬಿರುದು."

ಎಂಟು ವರ್ಷದ ಗಿಡವನ್ನು ಕಣ್ಣಾರೆ ಸಾಯಲು ಕಳಿಸುವುದಕ್ಕಿಂತ ಜೊತೆಗೆ ಹೋಗಿ ಕಾಯುವುದೇ ವಾಸಿ ಅನ್ನಿಸಿತು ಅವಳಿಗೆ. ಕಾಯುವುದು ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ. ರೇಷ್ಮೆ ಸೀರೆ ಉಟ್ಟು, ಕುಂಡ ತೊಡೆಯ ಮೇಲಿಟ್ಟುಕೊಂಡು ಗುರುಪ್ರಸಾದನ ಕಾರಿನಲ್ಲಿ ಕೂತಳು.

ನಂಜನಗೂಡಿನ ಮೈದಾನದಲ್ಲಿ ಶಾಮಿಯಾನ. ಹೆಂಗಸರ ಸಂಘದವರನ್ನು ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದಿದ್ದರು. ಬೆಳಗಿನಿಂದ ಕೂತಿದ್ದಾರೆ, ಮುಖ್ಯ ಅತಿಥಿಗಳು ಬಂದದ್ದು ನಡು ಮಧ್ಯಾಹ್ನಕ್ಕೆ. ಆಮೇಲೆ ಭಾಷಣ. ಒಬ್ಬರಾದ ಮೇಲೊಬ್ಬರು ಹನಿ ಹನಿಯ ಮಹತ್ವ ಹೇಳಿದರು. ಕುಡಿಯುವ ನೀರಿನ ಟ್ಯಾಂಕರ್ ಎಲ್ಲೋ ಕೆಟ್ಟು ನಿಂತಿತ್ತಂತೆ. ಮೈದಾನದಲ್ಲಿದ್ದ ನೀರೆಂದರೆ ವೇದಿಕೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ, ಹಾರ ಸುತ್ತಿ ಸಾಲಾಗಿ ಇಟ್ಟಿದ್ದ ಹಿತ್ತಾಳೆ ಬಿಂದಿಗೆಗಳದ್ದು. ಅವುಗಳ ಎದುರಿಗೆ ಮೇಜಿನ ಮೇಲೆ ಮರುಭೂಮಿ ಗುಲಾಬಿ, ಮೈತುಂಬ ಮೊಗ್ಗು.

ಮುಂದಿನ ಸಾಲಿನಲ್ಲಿ ಚಂಪಕಮ್ಮನ ಪಕ್ಕ ಜವರಮ್ಮ ಅನ್ನುವ ಮುದುಕಿ. ಸೆರಗಿನಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಿದ್ದಳು. ಬ್ಯಾಡ್ಜ್ ಹಾಕಿಕೊಂಡು ಓಡಾಡುತ್ತಿದ್ದವನನ್ನು ತಡೆದು, "ಗಂಟ್ಲು ಒಣಗ್ ಓಗದೆ ಕಣಪ್ಪ, ಒಂದ್ ಗುಟ್ಕು ನೀರ್ ಕೊಡ್ಲಾ," ಅಂದಳು.

"ಅದು ಉದ್ಘಾಟನೆ ನೀರು ಕಣಜ್ಜಿ, ಮುಟ್ಟಂಗಿಲ್ಲ," ಅಂದು ಅವನು ಹೊರಟುಹೋದ.

ಅಷ್ಟರಲ್ಲಿ ವೇದಿಕೆಯ ಮೇಲೆ ಇನ್ನೊಂದು ಗಲಾಟೆ ಎದ್ದಿತು. ಮೊದಲ ಬಿಂದಿಗೆ ಯಾರದು? ಮುಖ್ಯ ಅತಿಥಿಗಳದೇ ಅಂತ ಒಂದು ಗುಂಪು, ಸಮಾವೇಶಕ್ಕೆ ಖರ್ಚು ಹಾಕಿದ ಸಭಾಧ್ಯಕ್ಷರದು ಅಂತ ಇನ್ನೊಂದು ಗುಂಪು. ಮುಖ್ಯ ಅತಿಥಿಗಳು ಎದ್ದು ಹೊರಡಲು ಕಾರಿನ ಕೀ ಕೇಳಿದರು. ಗುರುಪ್ರಸಾದ್ ಬೆವರು ಒರೆಸಿಕೊಂಡು ಮೈಕ್ ಹಿಡಿದ: "ಮಾತೃಶಕ್ತಿಗೆ ಮೊದಲ ಗೌರವ! ನಮ್ಮ ಪರಿಸರ ಭಗೀರಥರ ಧರ್ಮಪತ್ನಿ ಚಂಪಕಮ್ಮನವರು ಮೊದಲು ನೀರೆರೀತಾರೆ. ಆಮೇಲೆ ಎಲ್ಲಾ ಗಣ್ಯರು ಒಟ್ಟಿಗೆ."

ಚಂಪಕಮ್ಮ ಮೆಟ್ಟಿಲು ಹತ್ತಿದಳು. ಪೇಟ, ಶಾಲು, ಏಲಕ್ಕಿ ಹಾರದಲ್ಲಿ ಮುಳುಗಿ ಕೂತಿದ್ದ ಮೇಷ್ಟ್ರು ಅವಳತ್ತ ನೋಡಿ, ಮಾನ ಉಳಿಸು ಅನ್ನುವಂತೆ ಕಣ್ಣಲ್ಲೇ ಬೇಡಿಕೊಂಡರು. ಬಿಂದಿಗೆ ಕೈಗೆ ಬಂತು. ಕ್ಯಾಮರಾದವನು ಮಂಡಿಯೂರಿದ. "ಸ್ವಲ್ಪ ನಗಿ ಮೇಡಂ," ಅಂದ.

ಅವಳು ಗಿಡ ನೋಡಿದಳು. ಕೆಳಗೆ ಕೂತ ಅಷ್ಟು ಜನ ಹೆಂಗಸರು ಬಿಂದಿಗೆಯ ಮೇಲೆ ಇಟ್ಟಿದ್ದ ಕಣ್ಣು ನೋಡಿದಳು. ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಬಿಂದಿಗೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ, ತುಟಿ ತಾಗಿಸದೆ ಗಟಗಟನೆ ಕುಡಿದಳು. ರೇಷ್ಮೆ ಸೀರೆ ಮುಂದೆಲ್ಲ ತೊಯ್ದುಹೋಯಿತು. ಕುಡಿದು, ಉಸಿರು ಬಿಟ್ಟು, ವೇದಿಕೆಯ ಅಂಚಿಗೆ ಬಂದು, "ಬಾರಮ್ಮ, ಬೊಗಸೆ ಹಿಡಿ," ಅಂತ ಜವರಮ್ಮನನ್ನು ಕರೆದಳು.

ಜವರಮ್ಮ ಎರಡನೇ ಸಲ ಕರೆಸಿಕೊಳ್ಳಲಿಲ್ಲ. ಅವಳ ಹಿಂದೆ ಸಂಘಕ್ಕೆ ಸಂಘವೇ ಎದ್ದು ಬಂತು. ಗಣ್ಯರ ಕೈಯಲ್ಲಿದ್ದ ಬಿಂದಿಗೆಗಳನ್ನೂ, "ಇತ್ತಗ್ ಕೊಡಿ ಸಾ," ಅಂತ ಇಸಿದುಕೊಂಡರು. ಮುಖ್ಯ ಅತಿಥಿಗಳು ಏನು ಮಾಡುವುದೋ ತೋಚದೆ, ಎದುರಿಗೆ ಬಂದ ಬೊಗಸೆಗೆ ನೀರು ಹುಯ್ಯುತ್ತ ಫೋಟೋಗೆ ನಕ್ಕರು. ಗುರುಪ್ರಸಾದ್ ಮೈಕಿನಲ್ಲಿ, "ನೀರು... ನೀರು ಕುಡಿಸುವ ಮೂಲಕ ಸಮಾವೇಶ ಉದ್ಘಾಟನೆಗೊಂಡಿದೆ, ಚಪ್ಪಾಳೆ!" ಅಂದ. ಕೈ ಖಾಲಿ ಇದ್ದವರು ತಟ್ಟಿದರು.

ಮೇಷ್ಟ್ರು ಕುರ್ಚಿಯಿಂದ ಎದ್ದು ಹೆಂಡತಿಯ ಹತ್ತಿರ ಬಂದರು. "ನನ್ನ ಮರ್ಯಾದೆ ಎಲ್ಲಾ..." ಅನ್ನಲು ಹೋದರು. ಬೆಳಗಿನಿಂದ ಒಣಗಿದ್ದ ಗಂಟಲಿನಿಂದ ಮಾತು ಹೊರಡಲಿಲ್ಲ.

ಚಂಪಕಮ್ಮ ಬಿಂದಿಗೆ ಅಲ್ಲಾಡಿಸಿ ನೋಡಿದಳು. ತಳದಲ್ಲಿ ಇನ್ನೂ ಒಂದಿಷ್ಟು ನೀರು ಸದ್ದು ಮಾಡಿತು.

"ನಿಮಗೂ ಬಾಯಾರಿದೆ ಕಣ್ರೀ. ಬಗ್ಗಿ," ಅಂದಳು.

ಪರಿಸರ ಭಗೀರಥರು ಆ ಕಡೆ ಈ ಕಡೆ ನೋಡಿದರು. ಯಾರೂ ಅವರನ್ನು ನೋಡುತ್ತಿರಲಿಲ್ಲ. ಪೇಟ ತೆಗೆದು ಕಂಕುಳಲ್ಲಿ ಇರುಕಿಕೊಂಡು, ಬಗ್ಗಿ, ಬೊಗಸೆ ಒಡ್ಡಿದರು.