ಮೊದಲ ನೀರು

ನಾಲ್ಕು ಜನರೆದುರು ಬಾಯಿ ತೆರೆಯಬೇಕಾದರೆ ನನ್ನ ಕಿವಿಗಳು ಕೆಂಪಾಗುತ್ತವೆ. ಇದನ್ನು ಯಾರಿಗೂ ಹೇಳಿಕೊಂಡಿಲ್ಲ. ಹೇಳಬೇಕಾಗಿಯೂ ಇಲ್ಲ, ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಇವತ್ತು ಕೂದಲು ಬಿಟ್ಟುಕೊಂಡು ಕೂತಿದ್ದೆ.

ಕೂತದ್ದು ಚಹಾ ಕೋಣೆಯಲ್ಲಿ, ಸೋದರಮಾವನಿಗೂ ಗೋಡೆಗೂ ನಡುವೆ. ಎದ್ದು ಹೋಗಬೇಕೆಂದರೆ ಮಾವನನ್ನು ದಾಟಿಯೇ ಹೋಗಬೇಕು. ಎದುರಿಗೆ ತೈಚುಂಗ್ ನಗರದಿಂದ ಬಂದ ಖೋ ಎಂಬವರು, ಬಾಟಲಿ ಚಹಾ ಕಾರ್ಖಾನೆಯವರು. ನಮ್ಮ ತೋಟದ ಚಳಿಗಾಲದ ಬೆಳೆಯಷ್ಟನ್ನೂ ಅವರೇ ಕೊಳ್ಳುವ ಮಾತು. ಒಪ್ಪಂದದ ಕಾಗದ, ಮಾವನ ಮೊಹರು, ಶಾಯಿಯ ಡಬ್ಬಿ ಮೇಜಿನ ಮೇಲೆ ಸಿದ್ಧವಾಗಿದ್ದವು.

ಎಲೆಯಲ್ಲಿ ಕೀಟನಾಶಕ ಉಳಿದಿದೆಯೇ ಎಂಬ ಪರೀಕ್ಷೆ ಮಾತ್ರ ನನ್ನದು. ಚಿನ್ನದ ನ್ಯಾನೋ ಕಣಗಳಿರುವ ಕೆಂಪು ದ್ರಾವಣ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇದನ್ನೇ. ಬಣ್ಣ ಸೋಸಿ ತೆಗೆದ ಚಹಾವನ್ನು ಇದಕ್ಕೆ ಬೆರೆಸಬೇಕು. ಕೀಟನಾಶಕವಿಲ್ಲದಿದ್ದರೆ ಕೆಂಪು ಹಾಗೇ ಉಳಿಯುತ್ತದೆ. ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ನೀಲಿಯಾಗುತ್ತದೆ.

ಬೆಳಿಗ್ಗೆ ಒಬ್ಬಳೇ ಮಾಡಿ ನೋಡಿದ್ದೆ. ನೀಲಿ. ಎಲೆ ಕೀಳುವ ಹೆಂಗಸರ ತಂಡ ಬೇರೆ ದಿನ ಸಿಗುವುದಿಲ್ಲವೆಂದು, ಔಷಧಿ ಹೊಡೆದ ಮೇಲೆ ಕಾಯಬೇಕಾದಷ್ಟು ಕಾಯದೆ ಮಾವ ಕೀಳಿಸಿಬಿಟ್ಟಿದ್ದರು.

ನೀಲಿ ತೋರಿಸಿದಾಗ, "ಎಲೆಗೆ ಹಾಕಿದ ಯಾವ ನೀರು ತಗೊಂಡೆ?" ಎಂದರು.

"ಮೊದಲನೇದು."

"ಅಯ್ಯೋ ಪೆದ್ದಿ! ಮೊದಲ ನೀರು ಯಾರಾದ್ರೂ ಕುಡೀತಾರಾ? ಅದು ಎಲೆ ತೊಳೆಯೋಕೆ, ಬಟ್ಟಲು ಬಿಸಿ ಮಾಡೋಕೆ. ನಿಮ್ಮಜ್ಜಿ ಒಂದಿನಾನಾದ್ರೂ ಕುಡಿದಿದ್ರಾ? ಎರಡನೇದು ನೋಡು."

ಎರಡನೆಯದು ಕೆಂಪಾಗಿಯೇ ಉಳಿದಿತ್ತು.

ಈಗ ಖೋ ಅವರೆದುರು ಮಾವ ಮೊದಲ ನೀರನ್ನು ಬಟ್ಟಲುಗಳ ಮೇಲೆ ಸುರಿದು ಚೆಲ್ಲಿದರು. ಮತ್ತೆ ಬಿಸಿನೀರು ಹಾಕಿ, ಇಳಿದ ಚಹಾವನ್ನು ನನ್ನತ್ತ ತಳ್ಳಿದರು. ಸೋಸಿ ಬೆರೆಸಿದೆ. ಕೆಂಪು.

"ನೋಡಿ, ನಮ್ಮ ಪೇಶಾನ್ ಕಿವಿ ಥರಾನೇ!" ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನತ್ತ ನೋಡಿ ನಕ್ಕರು. ಕೂದಲು ಬಿಟ್ಟದ್ದು ದಂಡ.

ಖೋ ಕೂಡ ನಕ್ಕರು. "ಇಷ್ಟೆಲ್ಲ ನಾಜೂಕು ನಮ್ಮಲ್ಲಿಲ್ಲಮ್ಮ. ದೊಡ್ಡ ಹಂಡೆ, ಒಂದೇ ಕುದಿ, ಹಾಗೇ ಬಾಟಲಿಗೆ. ಶಾಲೆ ಮಕ್ಕಳೇ ಜಾಸ್ತಿ ಕುಡಿಯೋದು."

ಮೇಜಿನ ಕೆಳಗೆ ಮಾವನ ಕಾಲು ನನ್ನ ಕಾಲಿನ ಮೇಲೆ ಬಂತು. ತುಳಿಯಲಿಲ್ಲ, ಸುಮ್ಮನೆ ಇತ್ತು. ಅಪ್ಪ ಅಮ್ಮನಿಲ್ಲದ ನನ್ನನ್ನು ಸಾಕಿ ಓದಿಸಿದವರು ಇವರು. ಈ ಬೆಳೆ ಹೋದರೆ ಇವರ ವರ್ಷವೇ ಹೋಗುತ್ತದೆ.

"ಏನಮ್ಮ, ಏನಾದ್ರೂ ಹೇಳಬೇಕಿತ್ತಾ?" ಖೋ ನನ್ನನ್ನೇ ನೋಡುತ್ತಿದ್ದರು.

"ಅವಳಾ? ಅವಳು ಮಾತಾಡಿದ್ರೆ ಹಬ್ಬ ಮಾಡ್ತೀವಿ," ಎನ್ನುತ್ತ ಮಾವ ಮೊಹರನ್ನು ಶಾಯಿಗೆ ಒತ್ತಿದರು.

ಕಿವಿ ಉರಿಯುತ್ತಿತ್ತು. ಉರಿಯಲಿ ಅಂದುಕೊಂಡೆ.

"ಹಂಡೇಲಿ ಮೊದಲ ನೀರು ಚೆಲ್ಲೋರು ಯಾರೂ ಇಲ್ಲ, ಮಾವ," ಅಂದೆ. "ಅದು ನೀಲಿ ಬಂದಿತ್ತು."