ಒಂದು ಟಿಕೀಟು ಕಡಿಮೆ

ಸಂಕ್ರಮಣ ಹತ್ತಿರ ಬಂತೆಂದರೆ ಅಂಕಲಿಯ ಆ ಮನೆಯಲ್ಲಿ ಉಜ್ವಲಾಳನ್ನು ಚಹಾಕ್ಕೂ ಕರೆಯುವಂತಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಬಣ್ಣದ ಕಾಗದ, ಗೋಂದು, ಕತ್ತರಿ ಹರಡಿಕೊಂಡು ಕೂತಳೆಂದರೆ ಕೂತಳು. ತವರಿನವರಿಗೆ, ಗೆಳತಿಯರಿಗೆ, ಮದುವೆಯಾಗಿ ಹೋದ ಓಣಿಯ ಹುಡುಗಿಯರಿಗೆ ತಾನೇ ಮಾಡಿದ ಕಾರ್ಡು ಕಳಿಸುವುದು ಆಕೆಯ ಚಟ. ಕಾರ್ಡೆಂದರೆ ಬರೀ ಕಾಗದವಲ್ಲ. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆ ಪಾಕ ಹನಿಸುತ್ತ, ಬೆರಳಲ್ಲೇ ಆಡಿಸುತ್ತ, ಮೈತುಂಬ ಮುಳ್ಳೆಬ್ಬಿಸಿದ ಕುಸುರೆಳ್ಳನ್ನು ಒಂದೊಂದಾಗಿ ಅಂಟಿಸಿ ಹೂವು, ನವಿಲು, ಗಾಳಿಪಟ ಮಾಡುತ್ತಿದ್ದಳು. ಮೊಬೈಲಿನಲ್ಲಿ ಒಂದು ಬೆರಳೊತ್ತಿದರೆ ಊರಿಗೆಲ್ಲ ಶುಭಾಶಯ ಹೋಗುವ ಕಾಲದಲ್ಲಿ ಇದೇನು ಹುಚ್ಚು ಎಂದು ಗಂಡ ಧರೆಪ್ಪ ನಗುತ್ತಿದ್ದ.

"ನಿಮ್ಮ ಮೊಬೈಲಿನ್ಯಾಗಿನ ಎಳ್ಳು ತಿನ್ನಾಕ ಬರ್ತಾವೇನ್ರಿ?" ಎಂದು ಆಕೆ ಕೇಳಿದರೆ ಒಂದು ಕುಸುರೆಳ್ಳು ಬಾಯಿಗೆ ಹಾಕಿಕೊಂಡು ಹೊರಗೆ ನಡೆಯುತ್ತಿದ್ದ.

ಈ ವರ್ಷ ಎಲ್ಲ ಕಾರ್ಡೂ ಮುಗಿದ ಮೇಲೆ ಆಕೆ ಇನ್ನೊಂದನ್ನು ಶುರುಮಾಡಿದಳು. ಡಬ್ಬಿಯ ತಳದಲ್ಲಿ ತೆಗೆದಿಟ್ಟಿದ್ದ ದಪ್ಪ ದಪ್ಪ ಕುಸುರೆಳ್ಳನ್ನೆಲ್ಲ ಅದಕ್ಕೇ ಸುರಿದಳು. ಸೊಸೆ ಸ್ನೇಹಲ ಹಿಂದಿನಿಂದ ಇಣುಕಿದಳು.

"ಇದು ಯಾರಿಗ್ರಿ ಅತ್ತಿ?"

"ಯಾರಿಗೂ ಅಲ್ಲ."

"ಯಾರೂ ಅಲ್ಲದವ್ರು ನಿಪ್ಪಾಣ್ಯಾಗ ಇರ್ತಾರೇನ್ರಿ?"

ಉಜ್ವಲಾ ಬಗ್ಗಿ ಇನ್ನೊಂದು ಎಳ್ಳು ಅಂಟಿಸಿದಳು. ಕಿವಿ ಮಾತ್ರ ಕೆಂಪಗಾಯಿತು.

ನಿಪ್ಪಾಣಿಯಲ್ಲಿದ್ದವಳು ಅಕ್ಕುತಾಯಿ, ಧರೆಪ್ಪನ ಅಣ್ಣನ ಹೆಂಡತಿ. ಇಬ್ಬರು ನೆಗೆಣ್ಣಿಯರೂ ವರ್ಷಾನುಗಟ್ಟಲೆ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ಅಣ್ಣ ನಿಪ್ಪಾಣಿಯಲ್ಲಿ ಮನೆ ಮಾಡಿದ ಮೇಲೂ ಹಬ್ಬಕ್ಕೆ ಹೋಗಿಬರುವುದು ನಡೆದೇ ಇತ್ತು. ಕೆಟ್ಟದ್ದು ಎರಡು ವರ್ಷದ ಹಿಂದೆ, ಸ್ನೇಹಲಳ ಮೊದಲ ಸಂಕ್ರಮಣದಲ್ಲಿ. ಹೊಸ ಸೊಸೆಗೆ ಕರಿ ಸೀರೆ ಉಡಿಸಿ, ಕುಸುರೆಳ್ಳಿನ ಸರ, ಬಳೆ, ಬಾಜುಬಂದ ತೊಡಿಸಿ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು. ಆ ಒಡವೆಗಾಗಿ ಒಲೆಯ ಮುಂದೆ ಕೂತು ಕೂತು ಉಜ್ವಲಾಳ ಬೆರಳ ತುದಿಗಳು ಬೆಂದುಹೋಗಿದ್ದವು. ಅಕ್ಕುತಾಯಿ ಬಂದವಳೇ ಸರವನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, "ಇದು ಕುಸುರೆಳ್ಳೋ, ಸಾಬೂದಾಣಿಯೋ? ಒಂದಕ್ಕರ ಮುಳ್ಳು ಎದ್ದೈತೇನು ನೋಡ್ರಿ" ಎಂದಳು.

"ಮುಳ್ಳೆಲ್ಲಾ ನಿಮ್ಮ ನಾಲಿಗಿಗೇ ಖರ್ಚಾಗ್ಯಾವ್ರಿ ಅಕ್ಕಾ, ನನ್ನ ಎಳ್ಳಿಗೆ ಎಲ್ಲಿಂದ ಬರಬೇಕು?" ಎಂದಳು ಉಜ್ವಲಾ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾತನ್ನಾದರೂ ಅಕ್ಕುತಾಯಿ ತಡೆದುಕೊಳ್ಳುತ್ತಿದ್ದಳೇನೋ, ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ. ಅರಿಷಿಣ ಕುಂಕುಮ ಹಚ್ಚಿಸಿಕೊಳ್ಳದೆ ಎದ್ದು ಹೋದಳು. ಅಂದಿನಿಂದ ಮಾತು ನಿಂತಿತು. ಅಣ್ಣ ತಮ್ಮಂದಿರು ಮಾತ್ರ ಏನೂ ಆಗದವರಂತೆ ಫೋನಿನಲ್ಲಿ ಕಬ್ಬಿನ ಕಟಾವು, ಕಾರ್ಖಾನೆಯ ಲಾರಿ ಎಂದು ಹರಟುತ್ತಿದ್ದರು. ಉಜ್ವಲಾ ಆಗ ಪಾತ್ರೆ ಒರೆಸುವ ನೆಪದಲ್ಲಿ ಹತ್ತಿರ ನಿಂತು, ಅತ್ತ ಕಡೆ ಹಿಂದೆಲ್ಲೋ ಒಂದು ಹೆಣ್ಣುದನಿ ಕೇಳೀತೇ ಎಂದು ಕಿವಿಗೊಡುತ್ತಿದ್ದಳು.

ತಾನಾಗಿ ಫೋನು ಮಾಡಿದರೆ ಸೋತಂತೆ. ಮಾಡದಿದ್ದರೆ ದಿನ ಕಳೆಯುವುದು ಕಷ್ಟ. ಮನೆಯಲ್ಲಿ ಆಕೆ ಮಾಡಿದ್ದನ್ನು ಎಲ್ಲರೂ ಚಲೋ ಆಗೈತಿ ಎಂದೇ ಉಣ್ಣುತ್ತಿದ್ದರು. ಉಪ್ಪು ಕಡಿಮೆ, ಒಗ್ಗರಣೆ ಹೊತ್ತಿದೆ ಎಂದು ಮುಖಕ್ಕೆ ಹೇಳುವ ಒಬ್ಬಳಿಲ್ಲದೆ ಉಜ್ವಲಾಳಿಗೆ ತನ್ನ ಸಾರಿನ ರುಚಿಯೇ ತನಗೆ ತಿಳಿಯದಂತಾಗಿತ್ತು. ಇದನ್ನು ಯಾರ ಮುಂದೆ ಹೇಳುವುದು? ಬೈಯುವವರಿಲ್ಲ ಅಂತ ಬೇಜಾರು ಎಂದರೆ ಯಾರಾದರೂ ನಗುತ್ತಾರೆ.

ಪೋಸ್ಟ್ ಆಫೀಸಿನ ಕಿಟಕಿಯಲ್ಲಿ ಮಯೂರಿ ಎಂಬ ಹುಡುಗಿ ಇದ್ದಳು. ಉಜ್ವಲಾ ಕೊಟ್ಟ ಪಾಕೀಟುಗಳನ್ನು ಒಂದೊಂದೇ ತೂಗಿ ಅಂಚೆ ಟಿಕೀಟು ಕೊಟ್ಟಳು. ನಿಪ್ಪಾಣಿಯದನ್ನು ತೂಕಕ್ಕಿಟ್ಟು ನಿಂತಳು.

"ಕಾಕು, ಇದು ಇಪ್ಪತ್ತ ಗ್ರಾಂ ದಾಟೈತ್ರಿ. ಇನ್ನೊಂದು ಟಿಕೀಟು ಬೇಕು."

"ಎಳ್ಳಿಗೂ ತೂಕ ನೋಡ್ತೀರೇನ ಬೇ?"

"ಎಳ್ಳ ಇರ್ಲಿ, ಬಂಗಾರ ಇರ್ಲಿ, ನಮ್ಮ ತಕ್ಕಡಿಗೆ ಎಲ್ಲಾ ಒಂದರಿ. ಕಡಿಮಿ ಹಚ್ಚಿದ್ರ ಬೇರಿಂಗ್ ಆಗ್ತೈತಿ. ಆ ಕಡೆ ತಗೊಳ್ಳೋರು ಕೊಡಬೇಕಾಗ್ತೈತಿ, ಅದೂ ಡಬಲ್."

ಉಜ್ವಲಾಳ ಕಣ್ಣು ಸಣ್ಣಗಾದವು. "ಡಬಲ್? ಖರೇನ?"

"ಖರೇನ್ರಿ."

"ಕೊಡಂಗಿಲ್ಲಂದ್ರ?"

"ತಿರುಗಿ ನಿಮ್ಮನಿಗೇ ಬರ್ತೈತಿ. ನೀವ ಕೊಡಬೇಕು."

ಆ ಹೊತ್ತಿಗೆ ಉಜ್ವಲಾಳ ಕಣ್ಣ ಮುಂದೆ ಚಿಕ್ಕೋಡಿಯ ಸಂತೆ ಬಂತು. ಒಮ್ಮೆ ಇಬ್ಬರೂ ಸಂತೆ ಮುಗಿಸಿ ಬಸ್ಸಿನಲ್ಲಿ ಕೂತಿದ್ದಾಗ ಅಕ್ಕುತಾಯಿ ಚೀಲ ತೆಗೆದು ಕೊತಂಬರಿ ಕಟ್ಟು ಎಣಿಸಿದ್ದಳು. ಒಂದು ಕಟ್ಟು ಕಡಿಮೆ. ಹೊರಟ ಬಸ್ಸು ನಿಲ್ಲಿಸಿ ಇಳಿದು, ಹೋಗಿ, ಜಗಳಾಡಿ, ಕಟ್ಟು ಇಸಿದುಕೊಂಡು ಬಂದಿದ್ದಳು. ಆಮೇಲೆ ಬಸ್ಸಿಲ್ಲದೆ ಇಬ್ಬರೂ ಟೆಂಪೋದಲ್ಲಿ ಕುರಿಗಳ ಜೊತೆ ಕೂತು ಊರಿಗೆ ಬಂದಿದ್ದರು. ಪ್ರೀತಿಯಿಂದ ಯಾರಾದರೂ ನೂರು ಮಾತಾಡಲಿ, ಅಕ್ಕುತಾಯಿ ಬಾಯಿ ಬಿಗಿದುಕೊಂಡು ಇದ್ದಾಳು. ಒಂದು ರೂಪಾಯಿ ಹೆಚ್ಚು ಕಿತ್ತುಕೊಂಡರೆ ಸುಮ್ಮನಿರುವ ಜೀವವಲ್ಲ.

"ಇದು ಇರ್ಲಿ ತಗಿ, ಆಮ್ಯಾಲ ನೋಡ್ತೀನಿ" ಎಂದು ಉಜ್ವಲಾ ಆ ಪಾಕೀಟನ್ನು ಹಿಂದೆ ತೆಗೆದುಕೊಂಡಳು. ಹೊರಗೆ ಬಂದು, ಒಂದೇ ಟಿಕೀಟು ಹಚ್ಚಿ, ಅತ್ತಿತ್ತ ನೋಡಿ, ಕೆಂಪು ಡಬ್ಬಿಯೊಳಗೆ ಬಿಟ್ಟಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಮರುದಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಯೂರಿ ಓಡಿ ಬಂದು ಹಿಡಿದಳು.

"ಕಾಕು, ನಿನ್ನಿ ಆ ನಿಪ್ಪಾಣಿ ಪಾಕೀಟಿಗೆ ಒಂದು ಟಿಕೀಟು ಹಚ್ಚೂದು ಮರತೇಬಿಟ್ಟಿದ್ರಿ! ಡಬ್ಬಿ ತಗದಾಗ ಕಣ್ಣಿಗೆ ಬಿತ್ತು. ನಾನ ಹಚ್ಚಿ ಕಳಿಸೀನಿ. ಠಸ್ಸೆ ಸೈತ ನಿಧಾನ ಹೊಡದೀನ್ರಿ, ಎಳ್ಳು ಒಡೀಬಾರದಂತ."

ಉಜ್ವಲಾ ಏನು ಮಾಡಬೇಕು? ಬೈಯುವಂತಿಲ್ಲ. ಇಂಥ ಒಳ್ಳೆಯ ಹುಡುಗಿ ಸಿಕ್ಕಿದ್ದೇ ತಪ್ಪು. ಸಂಜೆ ಟಿಕೀಟಿನ ದುಡ್ಡು ಕೊಟ್ಟು, ಮೇಲೆ ಒಂದು ಬಟ್ಟಲು ಕುಸುರೆಳ್ಳನ್ನೂ ಕೊಟ್ಟು, ಹಲ್ಲು ಕಾಣುವಂತೆ ನಕ್ಕು ಬಂದಳು.

ಸಂಕ್ರಮಣ ಆಯಿತು. ಕಾರ್ಡು ಮುಟ್ಟಿದವರೆಲ್ಲ ಫೋನು ಮಾಡಿದರು. ನಿಪ್ಪಾಣಿಯಿಂದ ಏನೂ ಬರಲಿಲ್ಲ. ಎಂಟು ದಿನ ಮುಖ ಗಂಟು ಹಾಕಿಕೊಂಡು ತಿರುಗಿದ ಅತ್ತೆಯನ್ನು ಸ್ನೇಹಲ ಕೊನೆಗೆ ಹಿತ್ತಲಲ್ಲಿ ಕೂಡಿಸಿ ಕೇಳಿದಾಗ ಎಲ್ಲ ಹೊರಬಿತ್ತು. ಸ್ನೇಹಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ. ನಿನ್ನ ಸರದ ಸಲುವಾಗೇ ಹತ್ತಿದ ಜಗಳ ಅದು."

"ಹಂಗಾದ್ರ ಬಿಡಿಸೋದೂ ನನ್ನ ಕೆಲಸಾ ಆತಲ್ರಿ. ರಥಸಪ್ತಮಿ ತನಕಾ ಎಳ್ಳು ಕೊಡೂದು ನಡೀತೈತಿ. ಇನ್ನೊಂದು ಮಾಡ್ರಿ."

ಕೇಕ್ ಮಾಡಲೆಂದು ತರಿಸಿದ್ದ ಸಣ್ಣ ತೂಕದ ಯಂತ್ರವನ್ನು ಸ್ನೇಹಲ ಕಟ್ಟೆಯ ಮೇಲಿಟ್ಟಳು. ಎಷ್ಟು ಟಿಕೀಟು ಕಡಿಮೆಯಾಗಬೇಕು ಎಂಬುದೇ ಈಗ ಅತ್ತೆ ಸೊಸೆಯರ ಲೆಕ್ಕ.

"ಒಂದು ಕಡಿಮಿ ಮಾಡಿದ್ರ?"

"ಹೋದ ಸಲ ನನ್ನ ಲೆಕ್ಕಾ ತಪ್ಪಿತ್ತು. ಒಂದಕ್ಕ ಆಕಿ ಪೋಸ್ಟಿನವನ ಮುಂದ ಗೊಣಗಿ ಕೊಟ್ಟುಬಿಡ್ತಾಳ. ಸಿಟ್ಟು ಫೋನಿನ ತನಕಾ ಬರಂಗಿಲ್ಲ."

"ನಾಕು?"

"ನಾಕಂದ್ರ ಬಾಗಲಾ ಹಾಕ್ಕೊಂಡು ಒಳಗ ಹೋಗ್ತಾಳ. ಪಾಕೀಟು ತಿರುಗಿ ಬರ್ತೈತಿ."

"ಅಂದ್ರ ಸಿಟ್ಟು ಬರೂವಷ್ಟು ಇರಬೇಕು, ಒಲ್ಲೆ ಅನ್ನೂವಷ್ಟು ಇರಬಾರದು."

"ಎರಡು" ಎಂದಳು ಉಜ್ವಲಾ, ಸಾರಿಗೆ ಖಾರ ಹೇಳುವವಳ ಹಾಗೆ. "ಎರಡ ಕಡಿಮಿ ಸರಿ ಆಗ್ತೈತಿ."

ಯಂತ್ರದ ಅಂಕೆ ಬೇಕಾದಲ್ಲಿ ನಿಲ್ಲುವವರೆಗೆ ಕುಸುರೆಳ್ಳು ಅಂಟಿಸಿದರು. ಈ ಸಲ ನವಿಲಿಗೆ ಹೊಟ್ಟೆ ಬಂತು. ಪಾಕೀಟಿನ ಮೇಲೆ ವಿಳಾಸ ಬರೆಯುವಾಗ ಸ್ನೇಹಲ ತಡೆದಳು.

"ನಿಮ್ಮ ಹೆಸರು ಬರೀಬ್ಯಾಡ್ರಿ. ಯಾರ ಕಳಿಸ್ಯಾರ ಅಂತ ಗೊತ್ತಾಗದ ತಗೋತಾರ."

ಉಜ್ವಲಾ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಹೆಸರಿಲ್ಲದಿದ್ದರೆ ಅಕ್ಕುತಾಯಿ ಕುತೂಹಲಕ್ಕೇ ಬಿಡಿಸಿಕೊಂಡಾಳು, ನಿಜ. ಆದರೆ ಯಾರದೋ ಎಂದು ತೆಗೆದುಕೊಂಡ ಪಾಕೀಟಿನಿಂದ ತನಗೇನು? ತನ್ನದೆಂದು ಗೊತ್ತಿದ್ದೂ ಆಕೆ ಕೈ ಚಾಚುತ್ತಾಳೋ ಇಲ್ಲವೋ ಅದು ಬೇಕಿತ್ತು. ಚಾಚದಿದ್ದರೆ ಪಾಕೀಟು ಧರೆಪ್ಪನ ಎದುರೇ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ನಿಲ್ಲಲಿ ಎಂದುಕೊಂಡಳು. ಸ್ಪಷ್ಟ ಅಕ್ಷರದಲ್ಲಿ ತನ್ನ ಹೆಸರು, ಊರು ಬರೆದಳು.

ಹಬ್ಬದ ಅರಿಷಿಣ ಕುಂಕುಮಕ್ಕೆ ಸಾಮಾನು ತರಲೆಂದು ಚಿಕ್ಕೋಡಿಗೆ ಹೋದಾಗ, ಮಯೂರಿಯಂಥ ಪುಣ್ಯವಂತರು ಯಾರೂ ಗುರುತಿಸದ ಡಬ್ಬಿ ನೋಡಿ ಪಾಕೀಟು ಹಾಕಿ ಬಂದಳು.

ಆಮೇಲಿನ ದಿನಗಳಲ್ಲಿ ನಗು ಬರಲಿಲ್ಲ. ಪೋಸ್ಟಿನವನ ಗಾಡಿ ಓಣಿಗೆ ತಿರುಗಿದ ಸದ್ದಾದರೆ ಉಜ್ವಲಾ ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದಳು. ಗಾಡಿ ಮುಂದೆ ಹೋದ ಮೇಲೆ ಹೊರಗೆ ಬರುತ್ತಿದ್ದಳು. ಎರಡು ಅಂದದ್ದು ಹೆಚ್ಚಾಯಿತೇ? ಆಕೆಯನ್ನು ಬಲ್ಲೆ ಎಂದುಕೊಂಡದ್ದು ಎರಡು ವರ್ಷ ಹಳೆಯ ಲೆಕ್ಕವಲ್ಲವೇ?

ರಥಸಪ್ತಮಿಯ ಹಿಂದಿನ ದಿನ, ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರು ಕಂಡಿತು. ಆದರೂ ಉಜ್ವಲಾ, "ಯಾರ್ರಿ?" ಎಂದಳು.

"ಯಾರಂತ ಕೇಳ್ತೀಯಲ್ಲ! ಟಿಕೀಟು ಹಚ್ಚೂದು ಮರತಂಗ ನನ್ನ ದನೀನೂ ಮರತೀಯೇನ?"

ಉಜ್ವಲಾ ಗೋಡೆಗೆ ಒರಗಿದಳು. "ಹಚ್ಚೀನಲ್ರಿ ಅಕ್ಕಾ."

"ಹಚ್ಚೀದಿ, ಒಂದು! ಒಂದು ಹಚ್ಚಿ ಒಳಗ ಕಿರಾಣಿ ಅಂಗಡಿ ತುಂಬಿ ಕಳಿಸೀದಿ. ಪೋಸ್ಟಿನವ ಬಾಗಲದಾಗ ನಿಂತು, ರೊಕ್ಕಾ ಕೊಡ್ರಿ ಬಾಯಿ, ಪಾಕೀಟು ಕೊಡ್ತೀನಿ ಅಂತಾನ. ಓಣ್ಯಾಗಿನ ಮಂದಿ ಎಲ್ಲಾ ಕಿಡಕ್ಯಾಗ. ಅವನ ಕಡೆ ಚಿಲ್ಲರ ಇಲ್ಲ, ನನ್ನ ಕಡೆ ಚಿಲ್ಲರ ಇಲ್ಲ. ಬಾಜೂಮನಿಗೆ ಹೋಗಿ ಇಸ್ಕೊಂಡ ಬಂದೀನಿ, ಗೊತ್ತೈತೇನ? ಇಷ್ಟು ವಯಸ್ಸಾತು, ಇನ್ನೂ ತೂಕದ ಖಬರ ಇಲ್ಲ ನಿನಗ!"

"ಒಲ್ಲೆ ಅನ್ನಬೇಕಿತ್ತಲ್ರಿ" ಎಂದಳು ಉಜ್ವಲಾ. ಅಂದುಬಿಟ್ಟ ಮೇಲೆ ಅನ್ನಬಾರದಿತ್ತೇನೋ ಎನಿಸಿತು.

ಅತ್ತ ಅಕ್ಕುತಾಯಿಯ ದನಿ ತಗ್ಗಿತು.

"ಅನ್ನಬೇಕಂತೇ ಬಾಯಿ ತಗದಿದ್ನಿ. ತಿರುಗಿ ಕಳಿಸಿದ್ರ ಕಳಿಸಿದವ್ರ ಕಡೆ ವಸೂಲ ಮಾಡ್ತೀವಿ ಅಂದ. ನಿನ್ನ ಬಾಗಲದಾಗ ಅಂವ ಹಂಗ ನಿಂತು ಕೇಳೂದು ನನಗ ಸರಿ ಅನಸಲಿಲ್ಲ." ಕೂಡಲೇ ದನಿ ಏರಿತು. "ಮೊದಲನೇದಕ್ಕ ಬರೋಬ್ಬರಿ ಹಚ್ಚಿದ್ಯಲ್ಲ? ಎರಡನೇದಕ್ಕ ಏನ ಧಾಡಿ?"

"ಮೊದಲನೇದು ಮುಟ್ಟಿತ್ತೇನ್ರಿ?"

"ಮುಟ್ಟಲಾರದ ಏನು? ಕಪಾಟಿನ್ಯಾಗ ಐತಿ."

"ಮತ್ತ ಫೋನ ಮಾಡಲಿಲ್ಲಲ್ರಿ?"

"ಎಲ್ಲಾ ಬರೋಬ್ಬರಿ ಇದ್ರ ಏನಂತ ಮಾಡ್ಲಿ ಬೇ?" ಎಂದಳು ಅಕ್ಕುತಾಯಿ.

ಉಜ್ವಲಾಳಿಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಎರಡನ್ನೂ ಸೆರಗಿನಿಂದ ಒರೆಸಿಕೊಂಡಳು. ಬಾಗಿಲ ಹಿಂದೆ ಸ್ನೇಹಲ ಬೆರಳೆತ್ತಿ 'ಎರಡು, ಎರಡು' ಎಂದು ತೋರಿಸುತ್ತಿದ್ದಳು. ಉಜ್ವಲಾ ಅವಳತ್ತ ಸೌಟು ಬೀಸಿದಳು.

"ಆ ರೊಕ್ಕಾ ತಂದು ಕೊಡು. ನಾ ಬಿಡಾಕಿ ಅಲ್ಲ."

"ನೀವ ಬಂದು ವಸೂಲ ಮಾಡ್ಕೊಂಡ ಹೋಗ್ರಿ."

"ನಾ ಯಾಕ ಬರಲಿ? ನಾ ಬರಂಗಿಲ್ಲ."

"ನಾನೂ ಬರಂಗಿಲ್ಲ."

ಯಾರೂ ಫೋನು ಇಡಲಿಲ್ಲ.

"ಅದೇನ ಸದ್ದು?" ಎಂದಳು ಅಕ್ಕುತಾಯಿ. "ಬ್ಯಾಳಿ ಉಕ್ಕಾಕತ್ತೈತಿ, ಕೇಳವಲ್ದೇನ? ಉರಿ ಸಣ್ಣ ಮಾಡು ಮೊದಲ."

ಉಜ್ವಲಾ ಉರಿ ಸಣ್ಣ ಮಾಡಿದಳು. ಆಮೇಲೆ ಏನೋ ಯೋಚಿಸಿ ಒಲೆಯನ್ನು ಪೂರ್ತಿ ಆರಿಸಿ, ಮಣೆ ಎಳೆದುಕೊಂಡು ಕೂತಳು.

"ಹೂಂ, ಹೇಳ್ರಿ ಅಕ್ಕಾ" ಎಂದಳು.